ವೈರಿಗಳ ಸಾಲಿನಲ್ಲೊಂದು ಹೆಸರು

ಅಮೆರಿಕದ ಓಕ್ಲಹೋಮಾ ರಾಜ್ಯದ ಪಶ್ಚಿಮದ ಅಂಚಿನಲ್ಲಿರುವ ನಮ್ಮ ಡ್ರೈ ಫೋರ್ಕ್ ಊರಿನ ಗಾಳಿ ಎಂಥದ್ದೆಂದರೆ, ಟೆಕ್ಸಾಸಿನಲ್ಲಿ ಯಾರೋ ಹೇಳಿದ ಸುಳ್ಳು ಇಲ್ಲಿಗೆ ಹಾರಿ ಬರುವಷ್ಟರಲ್ಲಿ ನಾಲ್ಕೂ ಕಡೆ ಸವೆದು ನಿಜವಾಗಿಬಿಟ್ಟಿರುತ್ತದೆ. ಅಂಥ ಗಾಳಿಗೂ ಅಲ್ಲಾಡದೆ ನಿಂತವು ಊರಿನಲ್ಲಿ ಎರಡೇ. ಒಂದು, ಗೋಧಿ ತುಂಬುವ ಕಾಂಕ್ರೀಟಿನ ಗೋಪುರ. ಇನ್ನೊಂದು, ಡೆಲ್ಬರ್ಟ್ ಕ್ರಾಬ್‌ಟ್ರೀಯ ಅಭಿಪ್ರಾಯಗಳು. ಗೋಪುರ ಒಮ್ಮೆ ಸ್ವಲ್ಪ ವಾಲಿತ್ತು.

ಡೆಲ್ಬರ್ಟ್ ಮೂವತ್ತೆಂಟು ವರ್ಷ ಗ್ಯಾಸಿನ ಟ್ರಕ್ಕು ಓಡಿಸಿದವನು. ಹೊಲದ ಮನೆಗಳ ಹಿತ್ತಲಲ್ಲಿ ಕೊಬ್ಬಿದ ಹಂದಿಗಳಂತೆ ಮಲಗಿರುವ ಬಿಳಿ ಟ್ಯಾಂಕುಗಳ ಪಕ್ಕಕ್ಕೆ ಟ್ರಕ್ಕು ತಂದು, ಎರಡು ಸಲ ಹಾರನ್ ಹೊಡೆದು, ಗ್ಯಾಸು ತುಂಬುವ ತನಕ ಮನೆಯೊಡತಿ ಕೊಟ್ಟ ಕಾಫಿ ಕುಡಿಯುತ್ತ ಅಮೆರಿಕ ಎಲ್ಲಿ ದಾರಿ ತಪ್ಪಿತು ಎಂದು ತಿಳಿಸಿಕೊಡುತ್ತಿದ್ದ. ಟ್ಯಾಂಕು ತುಂಬಿದರೂ ಅಮೆರಿಕ ದಾರಿಗೆ ಬರುತ್ತಿರಲಿಲ್ಲ. ಮುಂದಿನ ಮನೆಯವರು ಚಳಿಯಲ್ಲಿ ಕಾಯಬೇಕಾಗುತ್ತಿತ್ತು. ಕೊನೆಗೆ ಚರ್ಚಿನ ಹಿರಿಯರು ಅವನಿಗೆ ರೇಡಿಯೋದಲ್ಲಿ ದಿನಕ್ಕೆ ಐದು ನಿಮಿಷ ಕೊಟ್ಟರು. ಹಾಗಾದರೂ ಗ್ಯಾಸು ಹೊತ್ತಿಗೆ ಸರಿಯಾಗಿ ಬಂದೀತು ಎಂಬುದು ಅವರ ಲೆಕ್ಕಾಚಾರ.

ರೇಡಿಯೋ ಎಂದರೆ ನಮ್ಮ ಬ್ಯಾಪ್ಟಿಸ್ಟ್ ಚರ್ಚಿನದೇ ಪುಟ್ಟ ಸ್ಟೇಷನ್ನು. ಅದರ ಕಂಬಕ್ಕೆ ಹಸುವೊಂದು ಬೆನ್ನು ಉಜ್ಜಿಕೊಂಡರೆ ಅರ್ಧ ಊರಿಗೆ ದೇವರ ವಾಕ್ಯ ನಿಂತುಹೋಗುತ್ತಿತ್ತು. ಬೆಳಿಗ್ಗೆ ಏಳಕ್ಕೆ ದನದ ಧಾರಣೆ, ಅದು ಮುಗಿದ ಮೇಲೆ ‘ಕಾವಲುಗಾರನ ಐದು ನಿಮಿಷ’. ಶಾಲೆಯಿಂದ ಪ್ರಾರ್ಥನೆ ಹೊರಗೆ ಹೋದ ದಿನವೇ ದೇಶದ ಬಾಗಿಲ ಚಿಲಕ ಸಡಿಲವಾಯಿತು ಎಂದು ಡೆಲ್ಬರ್ಟ್ ಹೇಳುತ್ತಿದ್ದ. ಹುಟ್ಟದ ಕೂಸಿನ ಪರ ನಿಲ್ಲದ ನ್ಯಾಯಾಲಯ ಹುಟ್ಟಿದವರ ಪರ ನಿಂತೀತೆಂದು ನಂಬಿ ಕೂರಬೇಡಿ ಎನ್ನುತ್ತಿದ್ದ. ಇಸ್ರಾಯೇಲನ್ನು ಹರಸಿದವರನ್ನು ದೇವರು ಹರಸುತ್ತಾನೆಂದು ಆದಿಕಾಂಡದಲ್ಲೇ ಬರೆದಿದೆ, ವಾಷಿಂಗ್ಟನ್ನಿನವರು ಓದದಿದ್ದರೆ ಅದು ಬರೆದ ಮೋಶೆಯ ತಪ್ಪಲ್ಲ ಎನ್ನುತ್ತಿದ್ದ. ವಿಶ್ವಸಂಸ್ಥೆ ಎಂಬುದು ಆಕಾಶ ಮುಟ್ಟಲು ಹೊರಟ ಬಾಬೆಲಿನ ಗೋಪುರಕ್ಕೆ ಲಿಫ್ಟು ಹಾಕಿಸಿದ ಹಾಗೆ ಎಂಬುದೂ ಅವನದೇ ಮಾತು. ಮಾತಿನಲ್ಲಿ ಕಪಟವಿರಲಿಲ್ಲ. ನಂಬಿದ್ದನ್ನು ಹೇಳುತ್ತಿದ್ದ, ಹೇಳಿದ್ದನ್ನು ನಂಬುತ್ತಿದ್ದ, ಊರೂ ಬಹುಮಟ್ಟಿಗೆ ತಲೆದೂಗುತ್ತಿತ್ತು.

ರೇಡಿಯೋ ಮುಗಿಸಿ ಅವನು ಪೆಟ್ರೋಲ್ ಬಂಕಿನ ಹಿಂದಿನ ಮೇಜಿಗೆ ಬರುತ್ತಿದ್ದ. ಅಲ್ಲಿಯ ಕಾಫಿ ಎಷ್ಟು ತೆಳುವೆಂದರೆ ಲೋಟದ ತಳಕ್ಕೆ ಬೈಬಲಿನ ಹಾಳೆ ಅಂಟಿಸಿ ಮೇಲಿಂದ ಓದಬಹುದಿತ್ತು. ಮೇಜಿನಾಚೆ ಡಾಯ್ಲ್ ಹಗಿನ್ಸ್ ಕಾದು ಕೂತಿರುತ್ತಿದ್ದ. ಚರ್ಚಿನ ಆಡಳಿತ ನೋಡುವ ಡೀಕನರಲ್ಲೊಬ್ಬ, ವಿಯೆಟ್ನಾಂ ಯುದ್ಧ ನೋಡಿ ಬಂದವನು. ಐವತ್ತು ವರ್ಷ ಪ್ರತಿ ಚುನಾವಣೆಯಲ್ಲೂ ಇಬ್ಬರೂ ಒಬ್ಬನಿಗೇ ಮತ ಹಾಕಿದ್ದರು, ಪ್ರತಿ ಬೆಳಿಗ್ಗೆಯೂ ಜಗಳವಾಡಿದ್ದರು.

“ಏನಪ್ಪಾ ಡೆಲ್ಬರ್ಟ್, ಇವತ್ತು ಯಾವ ದೇಶ ಸುಟ್ಟೆ? ಮಧ್ಯಾಹ್ನದೊಳಗೆ ಆರುತ್ತಾ, ಇಲ್ಲ ಬಕೆಟ್ಟು ತರಲಾ?” ಎಂದು ಡಾಯ್ಲ್ ಕೇಳುತ್ತಿದ್ದ.

“ಕತ್ತಿ ಬರೋದು ಕಂಡೂ ಕಹಳೆ ಊದದ ಕಾವಲುಗಾರನ ತಲೆ ಮೇಲೆ ರಕ್ತ ಬರತ್ತೆ. ಪ್ರವಾದಿ ಯೆಹೆಜ್ಕೇಲ, ಮೂವತ್ತಮೂರನೇ ಅಧ್ಯಾಯ.”

“ಊದು, ಯಾರು ಬೇಡ ಅಂದ್ರು. ನಿನ್ನ ಬೇಲಿ ಮೇಲೆ ನಿಂತು ಊದು. ಏಳು ಸಮುದ್ರದಾಚೆ ಬೇಲಿ ಹಾಕಿ ಅದರ ಮೇಲೆ ನಿಂತು ಊದಬೇಡ. ಬಾಬಿಲೋನಿನ ದೊರೆ ನೆಬೂಕದ್ನೆಚ್ಚರನೂ ದೇವರು ತನ್ನ ಪಟಾಲಮ್ಮಿನಲ್ಲೇ ಇದಾನೆ ಅಂದ್ಕೊಂಡಿದ್ದ. ಕೊನೆಗೆ ದನದ ಹಾಗೆ ಹುಲ್ಲು ಮೇಯ್ದ.”

ಇಷ್ಟಾದ ಮೇಲೆ ಬನ್ನಿನಂಥ ಅಲ್ಲಿಯ ಬಿಸ್ಕೆಟ್ಟಿನ ಮೇಲೆ ಗ್ರೇವಿ ಸುರಿದುಕೊಂಡು ಇಬ್ಬರೂ ಬೇಸ್‌ಬಾಲಿನ ಮಾತಿಗೆ ಇಳಿಯುತ್ತಿದ್ದರು.

ಹೊರಗಿನಿಂದ ನೋಡಿದರೆ ಡೆಲ್ಬರ್ಟ್ ಇಷ್ಟೇ. ಆದರೆ ಅವನಿಗೆ ಹದಿನೆಂಟು ವರ್ಷದಿಂದ ಒಂದು ಹೆಸರು ಮೆಟ್ಟಿಕೊಂಡಿತ್ತು. ದೆವ್ವ ಎನ್ನುವಂತಿಲ್ಲ, ಬ್ಯಾಪ್ಟಿಸ್ಟರಲ್ಲಿ ದೆವ್ವಗಳಿಗೆ ಸದಸ್ಯತ್ವ ಇಲ್ಲ. ಬರೀ ಹೆಸರು. ಅವನ ಪಿಕಪ್ಪಿನಲ್ಲಿ ಅವನಿಗೂ ಹೆಂಡತಿ ನೆಲ್ಡಾಳಿಗೂ ನಡುವಿನ ಸೀಟಿನಲ್ಲಿ ಅದು ಕೂತಿರುತ್ತಿತ್ತು. ಅದಕ್ಕೆಂದೇ ನೆಲ್ಡಾ ಬಾಗಿಲಿಗೆ ಒತ್ತಿಕೊಂಡು ಕೂತು ಕೂತು ಅವಳ ಬಲ ಭುಜ ಎಡ ಭುಜಕ್ಕಿಂತ ಎರಡು ಅಂಗುಲ ಚಪ್ಪಟೆಯಾಗಿತ್ತು ಎಂದು ಊರಲ್ಲಿ ಆಡಿಕೊಳ್ಳುತ್ತಿದ್ದರು.

ಆ ಹೆಸರು ಬಂದದ್ದು ಪ್ರಾರ್ಥನೆಯ ಹಲಗೆಯಿಂದ. ನಮ್ಮ ಚರ್ಚಿನ ಊಟದ ಕೋಣೆಯಲ್ಲಿ ಗೋಡೆಯುದ್ದದ ಕಪ್ಪುಹಲಗೆಯಿದೆ. ಬುಧವಾರ ಸಂಜೆ ಎಲ್ಲರೂ ಜೋಳದ ರೊಟ್ಟಿ, ಹುರುಳಿಕಾಯಿ, ಮಾಂಸದ ಸಾರು ತಿಂದು ಮುಗಿಸಿದ ಮೇಲೆ ಯಾರಿಗಾಗಿ ಪ್ರಾರ್ಥಿಸಬೇಕೋ ಅವರ ಹೆಸರನ್ನು ಕೈಯೆತ್ತಿ ಹೇಳುತ್ತಾರೆ. ಹಲಗೆಯ ಮೇಲೆ ನಾಲ್ಕು ಸಾಲು: ಕಾಯಿಲೆಯವರು, ಸೈನ್ಯದಲ್ಲಿರುವವರು, ದುಃಖದ ಮನೆಗಳು, ವೈರಿಗಳು. ವೈರಿಗಳಿಗಾಗಿ ಪ್ರಾರ್ಥಿಸಿ ಎಂದು ಕರ್ತನೇ ಹೇಳಿದ್ದರಿಂದ ಆ ಸಾಲು ಎಂದೂ ಖಾಲಿ ಬಿದ್ದಿರಲಿಲ್ಲ. ಆಯಾ ಕಾಲದ ಪರದೇಶದ ಸರ್ವಾಧಿಕಾರಿಗಳೆಲ್ಲ ಅಲ್ಲಿ ಬಂದು ಹೋಗಿದ್ದರು. ಎಂಬತ್ತೆಂಟರ ಓಪಲ್ ಅಜ್ಜಿ, ಬೈಬಲಿನ ಕೊನೆಯ ಪ್ರಕಟನೆಯ ಪುಸ್ತಕದ ಕರಡನ್ನೇ ಓದಿದ್ದಳೆಂದು ಹೆಸರಾದವಳು, ಒಮ್ಮೆ ತನ್ನ ಸೊಸೆಯನ್ನು ಅಲ್ಲಿ ಬರೆಸಲು ನೋಡಿದ್ದಳು. ಡೀಕನರು ಒಪ್ಪಲಿಲ್ಲ.

ಹೆಸರಿಡಲಾಗದ ಸಂಕಟವಿದ್ದವರು ಕೈಯೆತ್ತಿ “ಹೇಳಲಾರದ್ದು ಒಂದು” ಎಂದರೆ ಸಾಕು, ಯಾರೂ ಕೆದಕುವುದಿಲ್ಲ.

ಹಲಗೆಗೆ ಎರಡೇ ನಿಯಮ. ಬರೆಸಿದವರು ಬಂದು ಹೇಳಿದರೆ ಮಾತ್ರ ಹೆಸರು ಅಳಿಸಬೇಕು. ಹೆಸರಿನವರು ಸತ್ತರೆ ಯಾರನ್ನೂ ಕೇಳದೆ ಮುಂದಿನ ಬುಧವಾರದೊಳಗೆ ಅಳಿಸಬೇಕು. ಸತ್ತವರಿಗಾಗಿ ನಮ್ಮವರು ಪ್ರಾರ್ಥಿಸುವುದಿಲ್ಲ. ಕಣ್ಣು ಮುಚ್ಚಿದ ಮೇಲೆ ತೀರ್ಪು ದೇವರದು, ಅಲ್ಲಿ ವಶೀಲಿ ನಡೆಯುವುದಿಲ್ಲ. ಈ ನಿಯಮಗಳನ್ನು ಕಾಯುತ್ತ ಸೀಮೆಸುಣ್ಣ ಹಿಡಿದು ನಿಲ್ಲುವ ಕೆಲಸ ಮೂವತ್ತು ವರ್ಷದಿಂದ ಡೆಲ್ಬರ್ಟನದು.

ಅವನ ಒಬ್ಬನೇ ಮಗ ವೇಡ್. ಇರಾಕಿನ ಯುದ್ಧ ಶುರುವಾದ ವಾರ ಡೆಲ್ಬರ್ಟ್ ರೇಡಿಯೋದಲ್ಲಿ ಕಹಳೆ ಊದಿದ್ದ. ನ್ಯಾಯದ ಕತ್ತಿ ಎತ್ತಲು ಗಂಡುಮಕ್ಕಳು ಬೇಕು ಎಂದಿದ್ದ. ಕೇಳುತ್ತಿದ್ದದ್ದು ಹೆಚ್ಚೆಂದರೆ ಇಪ್ಪತ್ತೇಳು ಜನ. ಎದ್ದು ಹೋದವನು ಒಬ್ಬ. ಮಗನ ಹೆಸರನ್ನು ಸೈನ್ಯದ ಸಾಲಿನಲ್ಲಿ ತಂದೆಯೇ ಬರೆದ. ನಾಲ್ಕು ವರ್ಷ ಊರು ಪ್ರಾರ್ಥಿಸಿತು, ವೇಡ್ ಕೈಕಾಲು ನೆಟ್ಟಗಿಟ್ಟುಕೊಂಡು ಮನೆಗೆ ಬಂದ. ಪ್ರಾರ್ಥನೆ ಕೇಳಿಸಿತು ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು, ಡೆಲ್ಬರ್ಟ್ ಹೆಸರನ್ನು ಒರೆಸಿದ. ಅಲ್ಲಿಂದಾಚೆಗೆ ವೇಡ್‌ಗಾಗಿ ಯಾರೂ ಪ್ರಾರ್ಥಿಸಲಿಲ್ಲ. ಮನೆಗೆ ಬಂದವನಿಗೆ ಇನ್ನೇನು ಬೇಕು?

ಬಂದವನು ಮೊದಲು ಮಾಡಿದ ಕೆಲಸವೆಂದರೆ ಹಿತ್ತಲಿನ ಗ್ಯಾಸ್ ಟ್ಯಾಂಕಿನ ಮುಚ್ಚಳಕ್ಕೆ ತಂತಿ ಬಿಗಿದದ್ದು. ಗಾಳಿ ಬಂದರೆ ಅದು ಟಣ್ ಟಣ್ ಎನ್ನುತ್ತದೆ, ನಿದ್ದೆ ಬರುವುದಿಲ್ಲ ಎಂದ. ಬಾಂಬಿನ ನಡುವೆ ಮಲಗಿ ಬಂದವನಿಗೆ ಮುಚ್ಚಳದ ಸದ್ದೇ ಎಂದು ಡೆಲ್ಬರ್ಟ್ ನಕ್ಕಿದ್ದ. ನಕ್ಕದ್ದು ಈಗಲೂ ಅವನಿಗೆ ನೆನಪಿದೆ.

ಐದು ತಿಂಗಳಾದ ಮೇಲೆ ಒಂದು ಬುಧವಾರ ವೇಡ್ ಹಿಂದಿನ ಮೇಜಿನಿಂದ ಕೈಯೆತ್ತಿದ.

“ಯೂಸುಫ್,” ಎಂದ.

ಡೆಲ್ಬರ್ಟ್ ಸೀಮೆಸುಣ್ಣ ಹಿಡಿದು ಕೇಳಿದ, “ಯಾವ ಸಾಲಿಗೆ?”

“ನಿನಗೆ ಸರಿ ಕಂಡ ಕಡೆ ಬರಿಯಪ್ಪ.”

ಹೆಸರು ಅಂಥದ್ದು, ಯುದ್ಧ ಇನ್ನೂ ನಡೆಯುತ್ತಿತ್ತು. ಡೆಲ್ಬರ್ಟ್ ಹೆಚ್ಚು ಯೋಚಿಸಲಿಲ್ಲ. ವೈರಿಗಳ ಸಾಲಿನಲ್ಲಿ ಬರೆದ. ತಿರುಗಿ ನೋಡಿದಾಗ ವೇಡ್ ಹಲಗೆಯನ್ನೇ ನೋಡುತ್ತಿದ್ದ. ಆಮೇಲೆ ಟೋಪಿ ತಲೆಗಿಟ್ಟುಕೊಂಡು ಎದ್ದು ಹೋದ. ಹನ್ನೊಂದು ದಿನಕ್ಕೆ ಅವನ ಟ್ರಕ್ಕು ಸೇತುವೆಯ ಕಂಬಕ್ಕೆ ಬಡಿಯಿತು. ಸೃಷ್ಟಿಯ ಮೂರನೆಯ ದಿನದಿಂದ ಇಂದಿನವರೆಗೆ ಒಂದೂ ತಿರುವು ಕಾಣದ ರಸ್ತೆ ಅದು. ಜಿಂಕೆ ಅಡ್ಡ ಬಂದಿರಬೇಕು ಎಂದು ಊರು ಹೇಳಿತು. ಜಿಂಕೆಯನ್ನು ಯಾರೂ ನೋಡಲಿಲ್ಲ, ನೋಡಿದವರಂತೆ ಎಲ್ಲರೂ ಹೇಳಿದರು.

ಬರೆಸಿದವನು ಸತ್ತಿದ್ದರಿಂದ ಹೆಸರನ್ನು ಅಳಿಸುವವರೇ ಇಲ್ಲವಾಯಿತು. ಪ್ರತಿ ವಾರ ಹಲಗೆ ಒರೆಸಿ ಹೊಸದಾಗಿ ಬರೆಯುವಾಗ ಡೆಲ್ಬರ್ಟ್ ಆ ಹೆಸರನ್ನು ಅದೇ ಜಾಗದಲ್ಲಿ ಬರೆಯುತ್ತಿದ್ದ, ಗಟ್ಟಿಯಾಗಿ ಓದುತ್ತಿದ್ದ. ಓದಿದಾಗಲೆಲ್ಲ ಹಿಂದಿನ ಮೇಜಿನ ಮೇಲಿನ ಟ್ಯೂಬ್‌ಲೈಟು ಒಮ್ಮೆ ಕಣ್ಣು ಹೊಡೆಯುತ್ತಿತ್ತು. ಡೀಕನರು ಮೂರು ಸಲ ಟ್ಯೂಬು ಬದಲಿಸಿದರು, ನಾಲ್ಕನೆಯ ಸಲ ಸುಮ್ಮನಾದರು. ಮನೆಯಲ್ಲಿ ವೇಡ್ ಬಿಗಿದ ತಂತಿ ತುಕ್ಕು ಹಿಡಿದು ಕಡಿದುಹೋಗಿ ಮುಚ್ಚಳ ಮತ್ತೆ ಟಣ್ ಟಣ್ ಎನ್ನತೊಡಗಿತು. ಗ್ಯಾಸಿನ ಕೆಲಸದಲ್ಲೇ ಬೆಳೆದ ಡೆಲ್ಬರ್ಟ್ ಅದಕ್ಕೆ ಹೊಸ ಸ್ಕ್ರೂ ಹಾಕಿದ, ರಬ್ಬರು ಅಂಟಿಸಿದ, ಕಲ್ಲು ಹೇರಿದ. ಎಲೆಯೂ ಅಲುಗದ ದಿನಗಳಲ್ಲಿ ಕೂಡ ಅದು ಟಣ್ ಎನ್ನುವುದನ್ನು ಬಿಡಲಿಲ್ಲ. ನಮ್ಮೂರಲ್ಲಿ ಎಲೆ ಅಲುಗದ ದಿನ ವರ್ಷಕ್ಕೆ ಒಂದು ಬಂದರೆ ಹೆಚ್ಚು, ಆ ಮಾತು ಬೇರೆ.

ಆ ಯೂಸುಫ್ ಯಾರೆಂದು ತಿಳಿಯುವ ದಾರಿ ಇಲ್ಲದಿರಲಿಲ್ಲ. ವೇಡ್ ಜೊತೆ ಸೈನ್ಯದಲ್ಲಿದ್ದ ಬರೇರಾ ಎಂಬವನು ಲರೇಡೋ ಪಟ್ಟಣದಿಂದ ಪ್ರತಿ ಕ್ರಿಸ್‌ಮಸ್ಸಿಗೆ ಕಾರ್ಡು ಕಳಿಸುತ್ತಿದ್ದ. ಕೆಳಗೆ ಫೋನ್ ನಂಬರು, ಒಂದೇ ಸಾಲು: ವೇಡ್ ಬಗ್ಗೆ ಮಾತಾಡಬೇಕು ಅನಿಸಿದರೆ ಕರೆ ಮಾಡಿ, ಸರ್. ಹದಿನೆಂಟು ಕಾರ್ಡುಗಳನ್ನು ನೆಲ್ಡಾ ಅಡುಗೆಮನೆಯ ಡ್ರಾಯರಿನಲ್ಲಿ ಇಟ್ಟಿದ್ದಳು. ಡೆಲ್ಬರ್ಟ್ ಆ ಡ್ರಾಯರು ತೆರೆಯುತ್ತಿರಲಿಲ್ಲ. ಚಮಚ ಬೇಕಾದರೆ ಅವಳನ್ನೇ ಕೇಳುತ್ತಿದ್ದ. ನೆಲ್ಡಾ ಪ್ರತಿ ಬುಧವಾರ ಕೈಯೆತ್ತಿ “ಹೇಳಲಾರದ್ದು ಒಂದು” ಎನ್ನುತ್ತಿದ್ದಳು. ಗಂಡ ಮುಖ ನೋಡದೆ ಬರೆದುಕೊಳ್ಳುತ್ತಿದ್ದ.

ಹೀಗಿರುವಾಗ ಇರಾನಿನ ಮಾತು ಎಲ್ಲ ಟೀವಿಗಳಲ್ಲೂ ಕುದಿಯತೊಡಗಿದ ಜೂನ್ ತಿಂಗಳು ಬಂತು. ಹೊರಗೆ ಗೋಧಿ ಕೊಯ್ಲಿನ ಧೂಳು. ಡೆಲ್ಬರ್ಟ್ ಬೆಳಿಗ್ಗೆ ಬೆಳಿಗ್ಗೆ ಯೆಹೆಜ್ಕೇಲನನ್ನು ಹಿಡಿದು ಪಾರಸಿಯದ, ಅಂದರೆ ಇರಾನಿನ, ಅಧ್ಯಾಯವನ್ನು ಅರೆಯುತ್ತಿದ್ದ. ಚರ್ಚು ಎರಡಾಗಿತ್ತು. ಅರ್ಧ ಜನ, ಇಸ್ರಾಯೇಲಿನ ಬೆನ್ನಿಗೆ ನಿಲ್ಲದಿದ್ದರೆ ಶಾಪ ತಟ್ಟುತ್ತದೆ ಎನ್ನುವವರು. ಉಳಿದರ್ಧ, ನಮ್ಮ ಮಕ್ಕಳ ಹೆಣ ಬರುವುದು ಸಾಕು ಎನ್ನುವವರು. ಎರಡೂ ಕಡೆಯವರು ಒಂದೇ ಬೈಬಲನ್ನು ಎತ್ತಿ ತೋರಿಸುತ್ತಿದ್ದರು.

ಈ ನಡುವೆ ತುಲ್ಸಾದಿಂದ ಬಂದ ಹೊಸ ಪಾಸ್ಟರ್ ಬ್ರದರ್ ಕೀಟನ್, ಮೂವತ್ತೊಂದರ ಪ್ರಾಯದವನು, ಹಲಗೆ ತೆಗೆದು ದೊಡ್ಡ ಟೀವಿ ಪರದೆ ಹಾಕಿಸುವುದೆಂದು ತೀರ್ಮಾನಿಸಿದ. ಭಾನುವಾರ ಆರಾಧನೆ ಮುಗಿದ ಮೇಲೆ ಡೆಲ್ಬರ್ಟನ ಜೊತೆ ಹಲಗೆಯ ಮುಂದೆ ನಿಂತ.

“ಬ್ರದರ್ ಡೆಲ್ಬರ್ಟ್, ಒಂದೊಂದು ಹೆಸರಿಗೂ ಒಬ್ಬರು ಹೊಣೆ ಇರಲಿ ಅಂತ ನನ್ನಾಸೆ. ಹಳೇದನ್ನೆಲ್ಲ ಒಮ್ಮೆ ಸೋಸಿಬಿಡೋಣ. ಈ ಯೂಸುಫ್ ಯಾರು?”

“ವೈರಿ.”

“ಅದು ಕಾಣ್ತಿದೆ. ಯಾರ ವೈರಿ?”

“ವೇಡ್ ಬರೆಸಿದ್ದು. ನನ್ನ ಮಗ.”

ಬ್ರದರ್ ಕೀಟನ್‌ನ ದನಿ ಇಳಿಯಿತು. “ಕ್ಷಮಿಸಿ, ನನಗೆ ಗೊತ್ತಿರಲಿಲ್ಲ. ನೀವು ಇರಲಿ ಅಂದ್ರೆ ಇರಲಿ. ಒಂದೇ ಮಾತು ಕೇಳ್ತೀನಿ. ಅವನು ಬದುಕಿದಾನಾ?”

ಹದಿನೆಂಟು ವರ್ಷದಲ್ಲಿ ಆ ಮಾತನ್ನು ಯಾರೂ ಕೇಳಿರಲಿಲ್ಲ. ಸತ್ತವರ ಹೆಸರು ಒರೆಸಿ ಒರೆಸಿ ಬೆರಳು ಸವೆದವನಿಗೂ ಅದು ಹೊಳೆದಿರಲಿಲ್ಲ. ಹೊಳೆಯದಂತೆ ಅವನೇ ನೋಡಿಕೊಂಡಿದ್ದ ಎಂದರೂ ಸರಿ.

“ಸತ್ತಿದ್ರೆ ನೀವೇ ಒರೆಸ್ತೀರಿ, ಅಲ್ವಾ? ನಿಮ್ಮದೇ ನಿಯಮ,” ಎಂದ ಬ್ರದರ್ ಕೀಟನ್. “ಬುಧವಾರದೊಳಗೆ ತಿಳ್ಕೊಂಡು ಹೇಳಿ. ಆತುರ ಇಲ್ಲ.”

ಬುಧವಾರಕ್ಕೆ ಉಳಿದದ್ದು ಮೂರು ದಿನ. ಡೆಲ್ಬರ್ಟ್ ಮನೆಗೆ ಹೋಗಿ ಹಿತ್ತಲಲ್ಲಿ ಟ್ಯಾಂಕಿನ ಪಕ್ಕ ಕೂತ. ವೇಡ್ ಅವನನ್ನು ಕಡೆಯದಾಗಿ ಕೇಳಿದ್ದು ಆ ಒಂದು ಹೆಸರು. ಅದನ್ನು ಓದುವಾಗಲೆಲ್ಲ ವೇಡ್ ಇನ್ನೂ ಹಿಂದಿನ ಮೇಜಿನಲ್ಲಿ ಕೈಯೆತ್ತಿಕೊಂಡೇ ಇರುತ್ತಿದ್ದ. ಯೂಸುಫ್ ಸತ್ತಿದ್ದರೆ ಹೆಸರು ಹೋಗುತ್ತದೆ, ಮಗ ಕೈ ಇಳಿಸುತ್ತಾನೆ. ತಿಳಿಯದೆ ಇದ್ದರೆ ಸುಳ್ಳು ಓದಿದ ಹಾಗೆ. ಪರದೇಶಗಳ ಭವಿಷ್ಯವನ್ನು ಐದು ನಿಮಿಷದಲ್ಲಿ ಹೇಳುವವನಿಗೆ ಒಬ್ಬ ಮನುಷ್ಯ ಇದ್ದಾನೋ ಇಲ್ಲವೋ ಕೇಳುವ ಧೈರ್ಯ ಬರಲಿಲ್ಲ.

ಮಂಗಳವಾರ ಮಧ್ಯಾಹ್ನ ನೆಲ್ಡಾ ಡ್ರಾಯರು ತೆಗೆದು ಎಲ್ಲಕ್ಕಿಂತ ಮೇಲಿನ ಕಾರ್ಡನ್ನು ಅವನ ತಟ್ಟೆಯ ಪಕ್ಕ ಇಟ್ಟಳು.

“ನೀನು ಮಾಡ್ತೀಯೋ, ನಾನು ಮಾಡ್ಲೋ?”

“ಗೋಧಿ ಕೊಯ್ಲಿನ ಹೊತ್ತು, ಕೆಲಸದಲ್ಲಿರ್ತಾನೆ.”

“ಲರೇಡೋದಲ್ಲಿ ಯಾವ ಗೋಧಿ, ಡೆಲ್? ಅವನು ಕಾರು ರಿಪೇರಿ ಮಾಡ್ತಾನೆ. ಕಾರ್ಡಿನ ಮೇಲೆ ಅಚ್ಚಾಗಿದೆ. ಹದಿನೆಂಟು ವರ್ಷದಿಂದ ಅಚ್ಚಾಗ್ತಾನೇ ಇದೆ.”

ಡೆಲ್ಬರ್ಟ್ ನಂಬರು ಒತ್ತಿದ. ಎರಡನೆಯ ಗಂಟೆಗೇ ಎತ್ತಿದ ಬರೇರಾ, ಹೆಸರು ಕೇಳಿದ ಮೇಲೆ ಹಿಂದೆ ಯಾರಿಗೋ ಯಂತ್ರ ನಿಲ್ಲಿಸಲು ಹೇಳಿದ.

“ಹೇಳಿ ಸರ್. ನಿಮ್ಮ ಕರೆಗೇ ಕಾಯ್ತಿದ್ದೆ.”

“ಯೂಸುಫ್ ಅನ್ನೋನು ಯಾರು?”

ಬರೇರಾ ನಿಧಾನವಾಗಿ ಹೇಳಿದ. “ಇರಾಕಿನ ಸಮಾರಾ ಪಟ್ಟಣದ ಹತ್ರ ನಮ್ಮದೊಂದು ತಪಾಸಣೆ ಗೇಟು ಸರ್. ಸಂಜೆ ಹೊತ್ತು. ವೇಡ್ ಬಂದೂಕಿನ ಹಿಂದೆ ಇದ್ದ. ಒಂದು ಸಣ್ಣ ಪಿಕಪ್ಪು ಬಂತು, ಹಿಂದೆ ತುಂಬ ಸಿಲಿಂಡರು. ನಿಲ್ಲು ಅಂತ ಕೈ ತೋರಿಸಿದ್ವಿ, ಬಾವುಟ ಬೀಸಿದ್ವಿ, ಗಾಳಿಗೆ ಗುಂಡು ಹಾರಿಸಿದ್ವಿ. ನಿಲ್ಲಲಿಲ್ಲ. ಬಾಂಬು ಅಂದ್ಕೊಂಡ್ವಿ. ಯಾರಾದ್ರೂ ಹಾಗೇ ಅಂದ್ಕೋತಿದ್ರು. ವೇಡ್ ತಪ್ಪು ಮಾಡಲಿಲ್ಲ ಸರ್, ಆರ್ಡರು ಇದ್ದದ್ದೇ ಹಾಗೆ.”

“ಬಾಂಬು ಇರಲಿಲ್ಲ.”

“ಬ್ರೇಕು ಇರಲಿಲ್ಲ. ಅಡುಗೆ ಗ್ಯಾಸು ಮಾರೋನು. ಅವರಲ್ಲಿ ಬೀದಿ ಬೀದಿ ತಿರುಗ್ತಾ ಸಿಲಿಂಡರಿಗೆ ಸ್ಪ್ಯಾನರ್ ತಗೊಂಡು ಟಣ್ ಟಣ್ ಅಂತ ಬಡೀತಾರೆ, ಮನೆಯವರು ಹೊರಗೆ ಬರ್ತಾರೆ. ಸ್ಪ್ಯಾನರು ಅವನ ಕೈಯಲ್ಲೇ ಇತ್ತು. ಹತ್ತು ದಿನ ಆದಮೇಲೆ ನಮ್ಮ ಅಧಿಕಾರಿ ಆ ಮನೆಗೆ ಹೋದ್ರು, ವೇಡ್ ತಾನೂ ಬರ್ತೀನಿ ಅಂತ ಹಟ ಹಿಡಿದು ಹೋದ. ಅವನ ತಾಯಿ ಬೈಯಲಿಲ್ಲವಂತೆ. ಮಗನ ಹೆಸರು ಹೇಳಿದಳಂತೆ, ವೇಡ್ ಬಾಯಲ್ಲಿ ಸರಿಯಾಗಿ ಬರೋ ತನಕ ಮೂರು ಸಲ ಹೇಳಿಸಿದಳಂತೆ. ವಾಪಸ್ ಬಂದು ನನ್ನ ಹತ್ರ ಒಂದೇ ಮಾತು ಅಂದ. ನಮ್ಮಪ್ಪನ ಕೆಲಸ ಕಣೋ, ಅಂದ.”

ಹಿತ್ತಲಲ್ಲಿ ಮುಚ್ಚಳ ಟಣ್ ಎಂದಿತು. ಡೆಲ್ಬರ್ಟನ ಹಾಗೆಯೇ ಮನೆಗಳ ಮುಂದೆ ನಿಂತು ಸದ್ದು ಮಾಡಿ ಹೆಂಗಸರನ್ನು ಹೊರಗೆ ಕರೆಯುತ್ತಿದ್ದವನು ಆ ಯೂಸುಫ್. ಎರಡು ಹಾರನ್ನಿನ ಬದಲು ಒಂದು ಸ್ಪ್ಯಾನರು.

“ಹಾಗಾದ್ರೆ ವೇಡ್ ಇಲ್ಲಿ ಕೈಯೆತ್ತಿದಾಗಲೇ ಅವನು ಸತ್ತಿದ್ದ.”

“ವರ್ಷದ ಮೇಲಾಗಿತ್ತು ಸರ್.”

“ನಾವು ಸತ್ತವರಿಗೆ ಪ್ರಾರ್ಥನೆ ಮಾಡಲ್ಲ. ವೇಡ್ ಅದನ್ನು ತೊಟ್ಟಿಲಲ್ಲೇ ಕಲಿತಿದ್ದ.”

“ನಾವು ಕ್ಯಾಥೊಲಿಕ್ಕರು, ಮಾಡ್ತೀವಿ. ಪ್ರತಿ ನವೆಂಬರ್ ಎರಡಕ್ಕೆ, ಸತ್ತವರ ದಿನ, ಇಬ್ಬರಿಗೂ ಒಂದೊಂದು ಮೇಣದಬತ್ತಿ ಹಚ್ತೀನಿ. ವೇಡ್‌ದು ಬೇಗ ಉರಿದುಹೋಗತ್ತೆ, ಇನ್ನೊಂದು ನಿಧಾನ,” ಎಂದ ಬರೇರಾ. ಆಮೇಲೆ, “ಅವನು ನಿಮ್ಮ ಹತ್ರ ಇನ್ನೇನೋ ಕೇಳಬೇಕು ಅಂತಿದ್ದ ಅನ್ಸತ್ತೆ ಸರ್. ಅದಕ್ಕೆ ಮಾತು ಸಿಗಲಿಲ್ಲ. ಈ ಹೆಸರು ಸಿಕ್ತು.”

ಫೋನಿಟ್ಟ ಮೇಲೆ ಡೆಲ್ಬರ್ಟ್ ಕೇಳಿದ್ದನ್ನೆಲ್ಲ ಹೆಂಡತಿಗೆ ಹೇಳಿದ. ಒಂದನ್ನೂ ಬಿಡಲಿಲ್ಲ. ನೆಲ್ಡಾ ಒಲೆ ಆರಿಸಿ, ಗ್ಯಾಸಿನ ತಿರುಪನ್ನು ಎರಡು ಸಲ ಮುಟ್ಟಿ ನೋಡಿ ಕೂತಳು.

“ನೀನು ವೈರಿ ಅಂತ ಬರೆದಾಗ ಅವನು ನೋಡಿದ್ದು ನಂಗೂ ಕಾಣ್ತು,” ಎಂದಳು ಕೊನೆಗೆ. “ಅವತ್ತೇ ನಾನು ಎದ್ದು ಕೇಳಬೇಕಿತ್ತು.”

ಮರುದಿನ ಬೆಳಿಗ್ಗೆ ಏಳಕ್ಕೆ ದನದ ಧಾರಣೆ ಮುಗಿದು ಡೆಲ್ಬರ್ಟನ ದನಿ ಬಂತು. “ಇದು ಕಾವಲುಗಾರನ ಐದು ನಿಮಿಷ.” ಅಷ್ಟೇ. ಇರಾನಿನ ಮೇಲೆ ಕತ್ತಿ ಎತ್ತುವ ಹೊತ್ತು ಬಂದಿದೆಯೆಂದು ಮೂರು ಹಾಳೆ ಬರೆದು ತಂದಿದ್ದ. ಹಾಳೆಗಳು ಕೈಯಲ್ಲಿ ಸರಸರ ಎಂದದ್ದು ಮಾತ್ರ ಕೇಳಿಸಿತು. ನಾಲ್ಕು ನಿಮಿಷ ಮಾತೇ ಇಲ್ಲ. ಓಪಲ್ ಅಜ್ಜಿ ರೇಡಿಯೋದ ಕೆನ್ನೆಗೆ ಬಾರಿಸಿದಳು. ಡಾಯ್ಲ್ ಬಂಕಿನಿಂದ ಹೊರಗೆ ಬಂದು ಕಂಬಕ್ಕೆ ಯಾವ ಹಸು ಆತುಕೊಂಡಿದೆ ಎಂದು ನೋಡಿದ. ಆ ಮೌನದ ಆಳದಲ್ಲಿ ಕಬ್ಬಿಣ ಬಡಿದಂತೆ ಸದ್ದು ಬರುತ್ತಿತ್ತೆಂದು ಊರಿನವರು ಈಗಲೂ ಆಣೆ ಹಾಕುತ್ತಾರೆ. ಕೇಳುಗರು ಇಪ್ಪತ್ತೇಳು, ಆಣೆ ಹಾಕುವವರು ಈಗ ನಾನೂರಕ್ಕೆ ಏರಿದ್ದಾರೆ.

ಐದನೆಯ ನಿಮಿಷದ ಕೊನೆಗೆ ಡೆಲ್ಬರ್ಟ್ ಹೇಳಿದ್ದು ಇಷ್ಟು. “ಇರಾನಿನಲ್ಲಿ ಮನೆ ಮನೆಗೆ ಗ್ಯಾಸು ಕೊಡೋರು ಇದ್ದೇ ಇರ್ತಾರೆ. ಕರ್ತನು ಅವರನ್ನ ಕಾಯಲಿ. ಮುಂದೆ ಹವಾಮಾನ.”

ಬಂಕಿನಲ್ಲಿ ಡಾಯ್ಲ್ ಕಾಫಿ ಲೋಟವನ್ನು ಅವನತ್ತ ಸರಿಸಿದ. ಬಕೆಟ್ಟಿನ ಮಾತು ಎತ್ತಲಿಲ್ಲ.

“ನನ್ನ ಮನಸ್ಸು ಬದಲಾಗಿದೆ ಅಂದ್ಕೋಬೇಡ,” ಎಂದ ಡೆಲ್ಬರ್ಟ್. “ಆ ಮುಲ್ಲಾಗಳ ಕೈಗೆ ಬಾಂಬು ಸಿಗಬಾರದು. ಇಸ್ರಾಯೇಲನ್ನ ಕೈಬಿಡಬಾರದು.”

“ಬಿಡಬೇಡ.”

“ಆದ್ರೆ ಹೋಗೋನು ಯಾರದೋ ಮಗ. ಎದುರಿಗೆ ಬರೋನೂ ಯಾರದೋ ಮಗ. ಅದನ್ನ ನಾನು ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲನೂ ಹೇಳಿಲ್ಲ.”

“ನಾನು ದಿನಾ ಹೇಳ್ತಿದ್ದೆ,” ಎಂದ ಡಾಯ್ಲ್. “ನಿನಗೆ ಕೇಳ್ಲಿ ಅಂತ ಹೇಳಲಿಲ್ಲ, ಜಗಳ ಗೆಲ್ಲೋಣ ಅಂತ ಹೇಳ್ದೆ. ಕುಡಿ, ಆರಿಹೋಗತ್ತೆ.”

ಸಂಜೆ ಬಿಸಿಲಿನ್ನೂ ಕಿಟಕಿಯಲ್ಲಿದ್ದಾಗ ಊಟ ಮುಗಿಯಿತು. ಡೆಲ್ಬರ್ಟ್ ಹಲಗೆಯ ಮುಂದೆ ಹೋಗಿ, ಎಲ್ಲರೂ ನೋಡುತ್ತಿರುವಂತೆ, ವೈರಿಗಳ ಸಾಲಿನಲ್ಲಿದ್ದ ಹೆಸರನ್ನು ಒರೆಸಿದ.

“ಅಂತೂ ಸಿಕ್ಕಿಬಿದ್ನಾ?” ಎಂದಳು ಓಪಲ್ ಅಜ್ಜಿ.

“ಸತ್ತಿದಾನೆ ಅಜ್ಜಿ. ನಾವು ಶುರು ಮಾಡೋ ಮುಂಚೆಯೇ ಸತ್ತಿದ್ದ. ವೇಡ್ ಕೈಯಲ್ಲಿ. ಗ್ಯಾಸು ಮಾರೋನು, ಯಾರ ವೈರಿಯೂ ಅಲ್ಲ. ಸಾಲು ತಪ್ಪಿ ಬರೆದೋನು ನಾನು.”

ಡಾಯ್ಲ್ ಖಾಲಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಹೇಳಿದ, “ಹಾಗಾದ್ರೆ ಹದಿನೆಂಟು ವರ್ಷದಿಂದ ನಾವೆಲ್ಲ ಕ್ಯಾಥೊಲಿಕ್ಕರಾಗಿದ್ವಿ. ಯಾರೂ ಒಂದು ಮಾತು ಹೇಳಲಿಲ್ಲ.”

ಯಾರೋ ನಕ್ಕರು, ಯಾರೋ ಮೂಗು ಒರೆಸಿಕೊಂಡರು. ಡೆಲ್ಬರ್ಟ್ ಆಗಲೇ ದುಃಖದ ಮನೆಗಳ ಸಾಲಿಗೆ ಸರಿದಿದ್ದ. ಅಲ್ಲಿ ‘ಯೂಸುಫನ ಮನೆಯವರು’ ಎಂದು ಬರೆದ.

ಬ್ರದರ್ ಕೀಟನ್ ಮೆಲ್ಲಗೆ ಕೇಳಿದ, “ಇದನ್ನ ಬರೆಸ್ತಿರೋರು?”

“ನಾನು.”

ಮೂವತ್ತು ವರ್ಷ ಊರಿನವರ ಸಂಕಟಗಳನ್ನೆಲ್ಲ ಬರೆದವನು ತನ್ನ ದುಃಖವೆಂದು ಒಂದನ್ನೂ ಬರೆಸಿರಲಿಲ್ಲ. ಮಗನ ಮಣ್ಣಿನ ವಾರವೂ ಸೀಮೆಸುಣ್ಣ ಅವನ ಕೈಯಲ್ಲೇ ಇತ್ತು, ಅವನ ಮನೆಯ ಹೆಸರು ಮಾತ್ರ ಆ ಸಾಲಿಗೆ ಬರಲಿಲ್ಲ. ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಈಗ ನೆಲ್ಡಾ ಕೈಯೆತ್ತಿದಳು. ಎಂದಿನ ಮಾತೇ ಬರುತ್ತದೆಂದು ಅವನು ‘ಹೇಳಲಾರದ್ದು’ ಎಂದು ಬರೆದಿದ್ದ ಮೂಲೆಯತ್ತ ತಿರುಗಿದ.

“ಅದನ್ನ ಒರೆಸಿಬಿಡು, ಡೆಲ್. ಬರೆಸಿದೋಳು ನಾನೇ, ನಾನೇ ಹೇಳ್ತಿದೀನಿ,” ಎಂದಳು ಅವಳು. “ಯೂಸುಫನ ಮನೆಯವರ ಕೆಳಗೆ ಜಾಗ ಇದೆ. ನಮ್ಮ ಮನೆಯದನ್ನ ಅಲ್ಲಿ ಬರಿ.”

ಅವನು ಬರೆದ. ಬರೆದದ್ದನ್ನು ಗಟ್ಟಿಯಾಗಿ ಓದಿದ. ಹಿಂದಿನ ಮೇಜಿನ ಮೇಲೆ ಟ್ಯೂಬ್‌ಲೈಟು ಎಂದಿನಂತೆ ಒಮ್ಮೆ ಕಣ್ಣು ಹೊಡೆಯಿತು. ಎಲ್ಲರೂ ತಲೆ ತಗ್ಗಿಸಿದರು.

ಜನ ಹೋದ ಮೇಲೆ ಡೆಲ್ಬರ್ಟ್ ಒದ್ದೆ ಬಟ್ಟೆ ತಂದು ವೈರಿಗಳ ಸಾಲನ್ನು ಇನ್ನೊಮ್ಮೆ ತಿಕ್ಕಿದ. ಹದಿನೆಂಟು ವರ್ಷ ಒಂದೇ ಜಾಗದಲ್ಲಿ ಬರೆದದ್ದು ಕಪ್ಪು ಬಣ್ಣದೊಳಗೆ ಇಳಿದುಬಿಟ್ಟಿತ್ತು. ಒದ್ದೆಯಿದ್ದಾಗ ಮಾಯವಾಗುತ್ತಿತ್ತು, ಆರಿದ ಹಾಗೆ ಬೂದಿಯ ಬಣ್ಣದಲ್ಲಿ ಮತ್ತೆ ಮೂಡುತ್ತಿತ್ತು. ಮೂರು ಸಲ ಒರೆಸಿ ಬಟ್ಟೆಯನ್ನು ಬಕೆಟ್ಟಿಗೆ ಹಾಕಿದ.

ಹೊರಗೆ ನೆಲ್ಡಾ ಪಿಕಪ್ಪಿನಲ್ಲಿ ಕೂತಿದ್ದಳು. ನಡುವಿನ ಸೀಟು ಬಿಟ್ಟು, ಬಾಗಿಲಿಗೆ ಎಂದಿಗಿಂತ ಹೆಚ್ಚು ಒತ್ತಿಕೊಂಡು. ಡೆಲ್ಬರ್ಟನೂ ತನ್ನ ಬಾಗಿಲಿಗೆ ಅಂಟಿಕೊಂಡೇ ಕೂತು ಗೇರು ಹಾಕಿದ. ಈಗ ಆ ಜಾಗದಲ್ಲಿ ಯೂಸುಫ್, ವೇಡ್ ಇಬ್ಬರೂ ಕೂರಬೇಕಿತ್ತು.